ಯುದ್ಧ ಮುಗಿಯುವ ಮೊದಲೇ ಸೀರಿಯಲ್ ಯಾಕೆ ಮುಗಿದುಹೋಗುತ್ತದೆ?

ಯುದ್ಧಕಾಲದ ಮನೆಮಂದಿಯ ಕಥೆ ಹೇಳುವ ಬ್ರಿಟಿಷ್ ಸೀರಿಯಲ್‌ಗಳನ್ನು ಹಚ್ಚಿಕೊಂಡವರಿಗೆ ಈ ಸಂಕಟ ಹೊಸದಲ್ಲ. ಪಾತ್ರಗಳೆಲ್ಲ ನಮ್ಮವರು ಅನ್ನಿಸುವ ಹೊತ್ತಿಗೆ ಸರಿಯಾಗಿ ಕಥೆ ನಿಂತುಬಿಡುತ್ತದೆ. 2024ರಲ್ಲಿ ಬಿಬಿಸಿ 'ವರ್ಲ್ಡ್ ಆನ್ ಫೈರ್' ಇನ್ನು ಮುಂದುವರಿಯುವುದಿಲ್ಲ ಎಂದಿತು. ಬಂದದ್ದು ಎರಡೇ ಸೀಸನ್. ಯುದ್ಧ ನಿಂತದ್ದು 1945ರಲ್ಲಿ, ಕಥೆ ಇನ್ನೂ 1941ರಲ್ಲೇ ಇತ್ತು. 2016ರಲ್ಲಿ ಐಟಿವಿ 'ಹೋಮ್ ಫೈರ್ಸ್' ನಿಲ್ಲಿಸಿದಾಗ ಆದದ್ದು ಇನ್ನೂ ಕೆಟ್ಟದು. ಎರಡನೇ ಸೀಸನ್ನಿನ ಕೊನೆಯಲ್ಲಿ ಯುದ್ಧವಿಮಾನವೊಂದು ಹಳ್ಳಿಯ ಮನೆಗೆ ಬಂದು ಅಪ್ಪಳಿಸುತ್ತದೆ. ಒಳಗಿದ್ದವರಲ್ಲಿ ಯಾರು ಉಳಿದರು, ಯಾರು ಹೋದರು? ಗೊತ್ತಾಗಲೇ ಇಲ್ಲ. ಅಷ್ಟಕ್ಕೇ ಮುಗಿಯಿತು.

ಜನ ನೋಡುತ್ತಿರಲಿಲ್ಲವಾ ಅಂದರೆ, ನೋಡುತ್ತಿದ್ದರು. 'ಹೋಮ್ ಫೈರ್ಸ್'ಗೆ ಸುಮಾರು 60 ಲಕ್ಷ ವೀಕ್ಷಕರಿದ್ದರು. ನಿಲ್ಲಿಸಬೇಡಿ ಎಂದು ಸಹಿ ಸಂಗ್ರಹವೂ ನಡೆಯಿತು, ಚಾನೆಲ್ ಕೇಳಲಿಲ್ಲ.

ಇದರ ಜೊತೆಗೆ 2025ರಲ್ಲಿ ಬಂದ ಎರಡು ಸುದ್ದಿಗಳು ಗೊಂದಲವನ್ನು ಇನ್ನಷ್ಟು ಜಾಸ್ತಿ ಮಾಡಿದವು. ಅಮೆರಿಕದ ಕಾಂಗ್ರೆಸ್ ತನ್ನ ದೇಶದ ಸಾರ್ವಜನಿಕ ಪ್ರಸಾರಕ್ಕೆ ಕೊಡಬೇಕಿದ್ದ 110 ಕೋಟಿ ಡಾಲರ್ ವಾಪಸ್ ತೆಗೆದುಕೊಂಡಿತು. ಬ್ರಿಟನ್ನಿನ ಸಂಸದೀಯ ಸಮಿತಿ, ಸ್ಟ್ರೀಮಿಂಗ್ ಕಂಪನಿಗಳು ಅಲ್ಲಿನ ಚಂದಾದಾರರಿಂದ ಗಳಿಸುವ ಹಣದಲ್ಲಿ ಶೇ. 5ನ್ನು ಬ್ರಿಟಿಷ್ ಸೀರಿಯಲ್‌ಗಳಿಗೆ ನೆರವಾಗುವ ಒಂದು ನಿಧಿಗೆ ಕೊಡಲಿ ಎಂದು ಶಿಫಾರಸು ಮಾಡಿತು. ಇವಕ್ಕೂ 1940ರ ರೇಷನ್ ಕಥೆಗೂ ಏನು ಸಂಬಂಧ ಅಂತ ಅನ್ನಿಸಬಹುದು. ಬಹಳ ಸಂಬಂಧ ಇದೆ, ಒಂದೊಂದಾಗಿ ನೋಡೋಣ.

ಮೊದಲು, ಹೋಮ್ ಫ್ರಂಟ್ ಅಂದರೆ

ಗುಂಡು ಹಾರುವ ಜಾಗವಲ್ಲ, ಅದರ ಹಿಂದೆ ಉಳಿದ ಮನೆ, ಬೀದಿ, ಹೊಲ, ಕಾರ್ಖಾನೆ. ಎರಡನೇ ಮಹಾಯುದ್ಧದಲ್ಲಿ ಈ ಎರಡರ ನಡುವಿನ ಗೆರೆ ಅಳಿಸಿಹೋಯಿತು. 1939ರ ಸೆಪ್ಟೆಂಬರ್ 1ರಿಂದ ಕೆಲವೇ ದಿನಗಳಲ್ಲಿ ಬ್ರಿಟನ್ನಿನ ನಗರಗಳಿಂದ ಸುಮಾರು 15 ಲಕ್ಷ ಜನರನ್ನು ಹಳ್ಳಿಗಳಿಗೆ ಸಾಗಿಸಿದರು. ಅವರಲ್ಲಿ ಹೆಚ್ಚಿನವರು ಮಕ್ಕಳು. 1940ರ ಸೆಪ್ಟೆಂಬರ್ 7ರಿಂದ ಮುಂದಿನ ಮೇ ತಿಂಗಳವರೆಗೆ ನಡೆದ ಬಾಂಬ್ ದಾಳಿಯಲ್ಲಿ 40,000ಕ್ಕೂ ಹೆಚ್ಚು ನಾಗರಿಕರು ಸತ್ತರು. 1941ರ ಡಿಸೆಂಬರ್‌ನಲ್ಲಿ 20ರಿಂದ 30 ವರ್ಷದೊಳಗಿನ ಮದುವೆಯಾಗದ ಹೆಣ್ಣುಮಕ್ಕಳೂ ಕಡ್ಡಾಯ ಸೇವೆಗೆ ಬರಬೇಕು ಎಂಬ ಕಾನೂನು ಬಂತು.

ಕಥೆ ಬರೆಯುವವರಿಗೆ ಇದು ಚಿನ್ನದ ಗಣಿ. ಸಣ್ಣ ವಸ್ತುವೂ ಮಾತಾಡುತ್ತದೆ. ರೇಷನ್ ಪುಸ್ತಕವನ್ನೇ ತೆಗೆದುಕೊಳ್ಳಿ. ದೊಡ್ಡವರದು ಮಾಸಲು ಹಳದಿ ಬಣ್ಣದ್ದು, ಶಾಲೆಗೆ ಹೋಗುವ ಮಕ್ಕಳದು ನೀಲಿ. ಬಸುರಿಯರಿಗೆ, ಹಾಲೂಡಿಸುವ ತಾಯಂದಿರಿಗೆ, 5 ವರ್ಷದೊಳಗಿನ ಮಕ್ಕಳಿಗೆ ಹಸಿರು. ಗಂಡ ಒಂದು ವರ್ಷದಿಂದ ಮನೆಯಲ್ಲಿಲ್ಲ, ಅಡುಗೆಮನೆ ಮೇಜಿನ ಮೇಲೆ ಹಸಿರು ಪುಸ್ತಕ ಬಿದ್ದಿದೆ, ಅತ್ತೆ ಒಳಗೆ ಬರುತ್ತಾಳೆ ಅಂದುಕೊಳ್ಳಿ. ಸಂಭಾಷಣೆಯೇ ಬೇಡ, ಅಲ್ವಾ?

ಅಡುಗೆಮನೆಯ ಕಥೆ, ಖರ್ಚು ಮಾತ್ರ ಅಡುಗೆಮನೆಯದಲ್ಲ

ನೋಡುವವರಿಗೆ ಮೊದಲು ಬರುವ ಪ್ರಶ್ನೆ ಇದೇ. ಟ್ಯಾಂಕ್ ಇಲ್ಲ, ಸಾವಿರ ಸೈನಿಕರಿಲ್ಲ. ನಾಲ್ಕು ಜನ ಕೂತು ವಾರಕ್ಕೆ ಸಿಗುವ 57 ಗ್ರಾಂ ಚಹಾಪುಡಿ ಹೇಗೆ ಸಾಕಾಗಬೇಕು ಎಂದು ಮಾತಾಡುತ್ತಾರೆ. ಇದಕ್ಕೆ ಅಷ್ಟೊಂದು ದುಡ್ಡು ಯಾಕೆ ಬೇಕು?

ಪಾತ್ರ ಬಾಗಿಲು ತೆಗೆದು ಬೀದಿಗೆ ಬಂದ ಕೂಡಲೇ ಮೀಟರ್ ಓಡಲು ಶುರುವಾಗುತ್ತದೆ. ರಸ್ತೆಯ ಹಳದಿ ಗೆರೆ ಮುಚ್ಚಬೇಕು, ಡಿಶ್ ಆಂಟೆನಾ ತೆಗೆಸಬೇಕು, ಪ್ಲಾಸ್ಟಿಕ್ ಕಿಟಕಿಗಳನ್ನು ಮರೆಮಾಡಬೇಕು. ಬೀದಿದೀಪ ಆರಿಸಿದ ಕಾಲ ಅದು, ಕತ್ತಲಲ್ಲಿ ಜನ ಎಡವಬಾರದು ಎಂದು ಫುಟ್‌ಪಾತಿನ ಅಂಚಿಗೆ ಬಿಳಿ ಬಣ್ಣ ಬಳಿಯುತ್ತಿದ್ದರು, ಹಾಗಾಗಿ ಅದನ್ನೂ ಬಳಿಯಬೇಕು. ಪ್ರತಿ ಕಿಟಕಿ ಗಾಜಿನ ಮೇಲೂ ಅಡ್ಡಡ್ಡ ಕಾಗದದ ಪಟ್ಟಿ, ಒಳಗೆ ಕಪ್ಪು ಪರದೆ. ರಸ್ತೆಯಲ್ಲಿ ಹಾದುಹೋಗುವ ಒಂದೊಂದು ಹಳೇ ಕಾರನ್ನೂ ಯಾರಿಂದಲೋ ಬಾಡಿಗೆಗೆ ತರಬೇಕು. ಆಮೇಲೂ ಫ್ರೇಮಿನಲ್ಲಿ ಉಳಿದುಕೊಂಡ ಆಧುನಿಕ ವಸ್ತುಗಳನ್ನು ಕಂಪ್ಯೂಟರಿನಲ್ಲಿ ಒರೆಸಬೇಕು.

ಗ್ಯಾಸ್ ಮಾಸ್ಕ್ ವಿಷಯ ಕೇಳಿದರೆ ಆಶ್ಚರ್ಯವಾಗುತ್ತದೆ. ಯುದ್ಧ ಶುರುವಾಗುವ ಮೊದಲೇ ಬ್ರಿಟನ್ನಿನಲ್ಲಿ ಸುಮಾರು 3.8 ಕೋಟಿ ಮಾಸ್ಕ್ ಹಂಚಿದ್ದರು. ಹಳೇ ಸಾಮಾನಿನ ಅಂಗಡಿಗಳಲ್ಲಿ ಇವತ್ತೂ ಸಿಗುತ್ತವೆ. ಹಾಗಾದರೆ ಅವನ್ನೇ ತಂದು ನಟರ ಮುಖಕ್ಕೆ ಹಾಕಬಹುದಲ್ಲ? ಆಗುವುದಿಲ್ಲ. ಆ ಕಾಲದ ಮಾಸ್ಕ್‌ಗಳ ಫಿಲ್ಟರಿನಲ್ಲಿ ಆಸ್‌ಬೆಸ್ಟಾಸ್ ಇರುತ್ತಿತ್ತು. ಹಾಕಿಕೊಂಡು ಉಸಿರೆಳೆದರೆ ಶ್ವಾಸಕೋಶಕ್ಕೇ ಅಪಾಯ. ಹಾಗಾಗಿ ಹೊಸದಾಗಿ ಮಾಡಿಸಬೇಕು. ಶಾಲೆಯ ಒಂದು ದೃಶ್ಯಕ್ಕೆ ಮೂವತ್ತು ಮಕ್ಕಳಿದ್ದರೆ ಮೂವತ್ತು ಮಾಸ್ಕ್.

ಇನ್ನೊಂದು ಕಡೆ ನೋಡುಗರ ಕಣ್ಣೂ ಬದಲಾಗಿದೆ. ಸಿನಿಮಾ ಮಟ್ಟದ ಚಿತ್ರಗಳನ್ನು ದಿನವೂ ಮೊಬೈಲಿನಲ್ಲೇ ನೋಡುವವರಿಗೆ ರಟ್ಟಿನ ಗೋಡೆ ಕೂಡಲೇ ಗೊತ್ತಾಗಿಬಿಡುತ್ತದೆ.

ದುಡ್ಡು ಎಲ್ಲಿಂದ ಬರುತ್ತದೆ

ಬ್ರಿಟಿಷ್ ಚಾನೆಲ್ ಒಂದು ಸೀರಿಯಲ್ ಮಾಡುತ್ತದೆ ಅಂದಾಗ ಪೂರ್ತಿ ಖರ್ಚನ್ನು ಅದೇ ಹಾಕುತ್ತದೆ ಅಂತ ನಾವು ಅಂದುಕೊಳ್ಳುತ್ತೇವೆ. ದೊಡ್ಡ ಬಜೆಟ್ಟಿನ ಸೀರಿಯಲ್‌ಗಳಲ್ಲಿ ಸಾಮಾನ್ಯವಾಗಿ ಹಾಗಿರುವುದಿಲ್ಲ. ಚಾನೆಲ್ ಒಂದು ಪಾಲು ಕೊಡುತ್ತದೆ. ಸರ್ಕಾರದ ತೆರಿಗೆ ರಿಯಾಯಿತಿಯಿಂದ ಒಂದು ಪಾಲು. ಉಳಿದದ್ದು ಹೊರದೇಶದ ಪಾಲುದಾರರು ಮತ್ತು ಮಾರಾಟದಿಂದ ಬರಬೇಕು. ಈ ಮೂರು ಕಾಲಿನ ಸ್ಟೂಲಿನ ಮೂರೂ ಕಾಲುಗಳು ಈಗ ಅಲುಗಾಡುತ್ತಿವೆ.

ಬಿಬಿಸಿಗೆ ಹಣ ಬರುವುದು ಮುಖ್ಯವಾಗಿ ಮನೆಮನೆಯಿಂದ ಕಟ್ಟಿಸಿಕೊಳ್ಳುವ ಲೈಸೆನ್ಸ್ ಶುಲ್ಕದಿಂದ. 2022ರಿಂದ ಎರಡು ವರ್ಷ ಅದನ್ನು 159 ಪೌಂಡಿಗೇ ನಿಲ್ಲಿಸಿದ್ದರು. ಅದೇ ಎರಡು ವರ್ಷ ಬೆಲೆಗಳು ಮಾತ್ರ ಏರುತ್ತಲೇ ಇದ್ದವು. ಆಮೇಲೆ ಶುಲ್ಕ ಏರಿತು, ಆದರೆ ಕಳೆದುಕೊಂಡದ್ದು ಕಳೆದುಕೊಂಡದ್ದೇ.

ತೆರಿಗೆ ರಿಯಾಯಿತಿ 2013ರಲ್ಲಿ ಬಂತು. ಷರತ್ತು ಏನೆಂದರೆ ಒಂದು ಗಂಟೆಯ ಪ್ರಸಾರಕ್ಕೆ ಕನಿಷ್ಠ 10 ಲಕ್ಷ ಪೌಂಡ್ ಖರ್ಚಾಗಿರಬೇಕು. ಉದ್ದೇಶ ಒಳ್ಳೆಯದೇ. ಆದರೆ ಸಾಧಾರಣ ಖರ್ಚಿನಲ್ಲಿ ಮುಗಿಸಬಹುದಾದ ಸೀರಿಯಲ್‌ಗೆ ಈ ಲಾಭ ಸಿಗುವುದಿಲ್ಲ. ಅದ್ದೂರಿಯಾಗಿ ಮಾಡಿದರೆ ರಿಯಾಯಿತಿ ಸಿಗುತ್ತದೆ, ಆದರೆ ಉಳಿದ ಹಣ ಹೊಂದಿಸುವುದು ಕಷ್ಟ. ನಿರ್ಮಾಪಕ ಅತ್ತ ದರಿ ಇತ್ತ ಪುಲಿ ಅನ್ನುವ ಹಾಗೆ ಸಿಕ್ಕಿಬೀಳುತ್ತಾನೆ.

ಮೂರನೇ ಕಾಲು ಅಮೆರಿಕ. ಬ್ರಿಟಿಷ್ ಚಾರಿತ್ರಿಕ ಸೀರಿಯಲ್‌ಗಳಿಗೆ ಅಲ್ಲಿನ ಹಳೇ ಮನೆ ಅಂದರೆ ಸಾರ್ವಜನಿಕ ವಾಹಿನಿ ಪಿಬಿಎಸ್‌ನ 'ಮಾಸ್ಟರ್‌ಪೀಸ್' ವಿಭಾಗ. 'ಹೋಮ್ ಫೈರ್ಸ್', 'ವರ್ಲ್ಡ್ ಆನ್ ಫೈರ್' ಎರಡೂ ಅಲ್ಲೇ ಪ್ರಸಾರವಾದವು. ಸೀರಿಯಲ್ ಸಿದ್ಧವಾದ ಮೇಲೆ ಕೊಳ್ಳುವುದಷ್ಟೇ ಅಲ್ಲ, ಎಷ್ಟೋ ಸಲ ಚಿತ್ರೀಕರಣಕ್ಕೆ ಮೊದಲೇ ಪಾಲುದಾರರಾಗಿ ಹಣ ಹಾಕುತ್ತಾರೆ. 2025ರ ಜುಲೈನಲ್ಲಿ ಅಮೆರಿಕದ ಕಾಂಗ್ರೆಸ್ ಹಣ ವಾಪಸ್ ಪಡೆದದ್ದು ಈ ವ್ಯವಸ್ಥೆಯ ಬುಡದಿಂದಲೇ. ಆ ಹಣ ಹಂಚುತ್ತಿದ್ದ ಸಂಸ್ಥೆ ಮುಂದಿನ ತಿಂಗಳೇ ಬಾಗಿಲು ಮುಚ್ಚುವುದಾಗಿ ಹೇಳಿತು. ವಾಷಿಂಗ್ಟನ್‌ನಲ್ಲಿ ಒತ್ತಿದ ಮತಗಳಿಂದ ಇಂಗ್ಲೆಂಡಿನ ಹಳ್ಳಿಯ ಸೆಟ್ಟಿಗೆ ತೊಂದರೆ ತಗಲುವುದು ಈ ದಾರಿಯಲ್ಲಿ.

ಪರಿಸ್ಥಿತಿ ಎಲ್ಲಿಗೆ ಬಂದಿದೆ ಅನ್ನುವುದಕ್ಕೆ ಒಂದು ಉದಾಹರಣೆ, ಯುದ್ಧದ್ದಲ್ಲ, ಆದರೂ ಹೇಳಬೇಕು. ಹೆಸರಾಂತ 'ವುಲ್ಫ್ ಹಾಲ್' ಸೀರಿಯಲ್‌ನ ಎರಡನೇ ಭಾಗಕ್ಕೆ ಹಣ ಹೊಂದದೆ ನಿರ್ದೇಶಕ ಪೀಟರ್ ಕೊಸ್ಮಿನ್‌ಸ್ಕಿ, ಮುಖ್ಯ ನಟ ಮಾರ್ಕ್ ರೈಲೆನ್ಸ್ ಮೊದಲಾದವರು ತಮ್ಮ ಸಂಭಾವನೆಯಲ್ಲಿ ಒಂದು ಭಾಗ ಬಿಟ್ಟುಕೊಟ್ಟರು. ಹೊರಾಂಗಣದ ದೃಶ್ಯಗಳಿಗೂ ಕತ್ತರಿ ಬಿತ್ತು. ಪ್ರಶಸ್ತಿ ಗೆದ್ದ ಸೀರಿಯಲ್‌ನ ಪಾಡೇ ಇದಾದರೆ ಹಳ್ಳಿ ಹೆಂಗಸರ ಕಥೆಯ ಪಾಡೇನು? ಶೇ. 5ರ ನಿಧಿ ಬೇಕು ಎಂದು ಸಮಿತಿಯ ಮುಂದೆ ವಾದಿಸಿದವರಲ್ಲಿ ಕೊಸ್ಮಿನ್‌ಸ್ಕಿ ಪ್ರಮುಖರು.

ಯುದ್ಧ ಆರು ವರ್ಷ, ಸೀಸನ್ ಆರು ಎಪಿಸೋಡ್

ದುಡ್ಡಿನ ಕಷ್ಟ ಎಲ್ಲ ಸೀರಿಯಲ್‌ಗಳಿಗೂ ಇದೆ. ಯುದ್ಧಕಾಲದ ಕುಟುಂಬದ ಕಥೆಗೆ ಮಾತ್ರ ಯಾಕೆ ಜಾಸ್ತಿ ಪೆಟ್ಟು? ಎಲ್ಲರೂ ದುಡ್ಡಿನ ಬಗ್ಗೆಯೇ ಮಾತಾಡುತ್ತಾರೆ, ನನಗೆ ಅನ್ನಿಸುವ ಪ್ರಕಾರ ಅಸಲಿ ತೊಡಕು ಕ್ಯಾಲೆಂಡರಿನಲ್ಲಿದೆ.

ಪತ್ತೇದಾರಿ ಕಥೆಯಲ್ಲಿ ಕೊಲೆಗಾರ ಸಿಕ್ಕಿದರೆ ಸೀಸನ್ ಮುಗಿಯಿತು. ಯುದ್ಧಕಾಲದ ಕುಟುಂಬದ ಕಥೆ ಹಾಗಲ್ಲ. ಮಗ ವಾಪಸ್ ಬರುತ್ತಾನಾ ಅನ್ನುವುದು ಮೊದಲ ಎಪಿಸೋಡಿನ ಪ್ರಶ್ನೆ, ಉತ್ತರ ಸಿಗುವುದು 1945ರಲ್ಲಿ. ಕಥೆಗಾರರು ಸಹಜವಾಗಿಯೇ 1939ರ ಸೆಪ್ಟೆಂಬರಿನಿಂದ, ಅಂದರೆ ರೇಡಿಯೋದಲ್ಲಿ ಯುದ್ಧದ ಘೋಷಣೆ ಕೇಳುವ ದೃಶ್ಯದಿಂದ ಶುರುಮಾಡುತ್ತಾರೆ. ಒಂದು ಸೀಸನ್ನಿಗೆ ಆರೇಳು ಎಪಿಸೋಡ್. ಅಷ್ಟರಲ್ಲಿ ನಾಲ್ಕೈದು ಮನೆಗಳ ಕಥೆ ಹೇಳಬೇಕು, ಹೀಗಾಗಿ ಒಂದು ಸೀಸನ್ನಿನಲ್ಲಿ ಯುದ್ಧ ಕೆಲವೇ ತಿಂಗಳು ಮುಂದೆ ಸಾಗುತ್ತದೆ. ಈ ಲೆಕ್ಕದಲ್ಲಿ 1945 ಮುಟ್ಟಲು ಆರೇಳು ಸೀಸನ್ ಬೇಕು.

'ವರ್ಲ್ಡ್ ಆನ್ ಫೈರ್'ಗೆ ಆದದ್ದು ನೋಡಿ. ಮೊದಲ ಸೀಸನ್ 2019ರಲ್ಲಿ ಬಂತು, ಕೋವಿಡ್ ಅಡ್ಡಬಂದು ಎರಡನೆಯದು ಬಂದದ್ದು 2023ರಲ್ಲಿ. ನೋಡುವವರಿಗೆ ನಾಲ್ಕು ವರ್ಷ, ಕಥೆಯೊಳಗೆ ಕೆಲವೇ ತಿಂಗಳು. ಇಷ್ಟು ಅಂತರ ಬಿದ್ದರೆ ಮಕ್ಕಳ ಪಾತ್ರ ಮಾಡುವವರು ಕಥೆಗಿಂತ ವೇಗವಾಗಿ ಬೆಳೆಯುತ್ತಾರೆ, ಒಳ್ಳೆಯ ನಟರು ಬೇರೆ ಕೆಲಸ ಹಿಡಿಯುತ್ತಾರೆ, ಯಾರ ತಂಗಿ ಯಾರ ಜೊತೆ ಓಡಿಹೋಗಿದ್ದಳು ಅನ್ನುವುದು ಪ್ರೇಕ್ಷಕರಿಗೂ ಮರೆತುಹೋಗುತ್ತದೆ.

ಹಾಗಾದರೆ ಹಳೆಯವು ಹೇಗೆ ದಡ ಸೇರಿದವು?

ಸೇರಿದ್ದುಂಟು. ಲಿವರ್‌ಪೂಲಿನ ಒಂದು ಕುಟುಂಬದ ಕಥೆ 'ಎ ಫ್ಯಾಮಿಲಿ ಅಟ್ ವಾರ್' 1970ರಿಂದ 1972ರೊಳಗೆ 52 ಎಪಿಸೋಡುಗಳಲ್ಲಿ 1938ರಿಂದ 1945ರವರೆಗಿನ ಕಥೆ ಹೇಳಿ ಮುಗಿಸಿತು. ಮೆಲ್ಬರ್ನ್‌ನ ಮನೆಯೊಂದರ ಕಥೆ 'ದಿ ಸಲಿವನ್ಸ್' ಆಸ್ಟ್ರೇಲಿಯಾದಲ್ಲಿ 1976ರಿಂದ 1983ರವರೆಗೆ ನಡೆಯಿತು, ಎಪಿಸೋಡುಗಳ ಸಂಖ್ಯೆ ಸಾವಿರ ದಾಟಿತು. ಗುಟ್ಟು ಏನು? ಬಹುಪಾಲು ಕಥೆ ಸ್ಟುಡಿಯೋ ಒಳಗೇ, ಒಂದೇ ಕೋಣೆ, ಅದೇ ಸೋಫಾ. ಅಗ್ಗವಾಗಿ, ಬೇಗ ಬೇಗ ಚಿತ್ರೀಕರಿಸಿದರು. ಗೋಡೆ ಅಲುಗಾಡಿದರೂ ಯುದ್ಧ ಮುಗಿಯಿತು! ಈಗ ಗೋಡೆ ಗಟ್ಟಿಯಾಗಿದೆ, ಯುದ್ಧವೇ ಮುಗಿಯುವುದಿಲ್ಲ.

ಹೊಸ ಕಾಲದಲ್ಲೂ ಒಂದು ಗೆದ್ದಿದೆ. ಫ್ರಾನ್ಸಿನ ಸಾರ್ವಜನಿಕ ವಾಹಿನಿ ಫ್ರಾನ್ಸ್ 3, 'ಆಂ ವಿಲಾಜ್ ಫ್ರಾನ್ಸೆ' ಎಂಬ ಸೀರಿಯಲ್ಲನ್ನು 2009ರಿಂದ 2017ರವರೆಗೆ ಏಳು ಸೀಸನ್, 72 ಎಪಿಸೋಡ್ ನಡೆಸಿತು. ಜರ್ಮನ್ನರ ಹಿಡಿತಕ್ಕೆ ಸಿಕ್ಕ ಒಂದು ಕಾಲ್ಪನಿಕ ಊರಿನ ಕಥೆ ಅದು. ಹೆಚ್ಚುಕಡಿಮೆ ಯುದ್ಧದ ಒಂದೊಂದು ವರ್ಷಕ್ಕೆ ಒಂದೊಂದು ಸೀಸನ್, ಜರ್ಮನ್ನರಿಂದ ಊರು ಬಿಡುಗಡೆಯಾದ ಮೇಲೆ ಏನಾಯಿತು ಅನ್ನುವುದೂ ಸೇರಿ. ನಿಧಾನದ ಕಥೆಗೆ ನಿಧಾನವಾಗಿಯೇ ಜಾಗ ಕೊಟ್ಟರು, ಅಷ್ಟೇ.

ದಡ ಸೇರಿದವು, ಅರ್ಧಕ್ಕೆ ನಿಂತವು, ಇವೆರಡರ ನಡುವೆ ಸಿಕ್ಕಿಕೊಂಡದ್ದು ಬ್ರಿಟನ್ನಿನ 'ಫಾಯ್ಲ್ಸ್ ವಾರ್'. ಯುದ್ಧಕಾಲದ ಹೇಸ್ಟಿಂಗ್ಸ್ ಪಟ್ಟಣದ ಪೊಲೀಸ್ ಅಧಿಕಾರಿಯೊಬ್ಬನ ಕಥೆ, ಆದರೆ ಅದರ ಜೀವಾಳ ಇದ್ದದ್ದು ಮನೆಮನೆಯ ಗುಟ್ಟುಗಳಲ್ಲಿ. 1940ರಿಂದ ವರ್ಷ ವರ್ಷವಾಗಿ ಸಾಗುತ್ತಿದ್ದ ಕಥೆಯನ್ನು ನಿಲ್ಲಿಸಲು ಚಾನೆಲ್ ತೀರ್ಮಾನಿಸಿದ್ದರಿಂದ ಅದು 1943ರ ಮಾರ್ಚಿನಿಂದ ಒಂದೇ ನೆಗೆತಕ್ಕೆ 1944ರ ಏಪ್ರಿಲಿಗೆ ಬಂತು. 2008ರಲ್ಲಿ ವಿಜಯದ ದಿನದ ಕಥೆಯೊಂದಿಗೆ ಮುಗಿಸಿದರು. ಜನ ಮುಗಿಬಿದ್ದು ನೋಡಿದ್ದರಿಂದ ಮತ್ತೆ ಕರೆತಂದು 2015ರವರೆಗೆ ನಡೆಸಿದರು. ನಡುವಿನ ಒಂದು ವರ್ಷ ಮಾತ್ರ ಕಳೆದೇಹೋಯಿತು.

ಯಾರ ವಾದ ಏನು

ಚಾನೆಲ್‌ಗಳು ಹೇಳುವುದು ಸರಳ. ಇಂಥ ಸೀರಿಯಲ್ ನೋಡುವವರಲ್ಲಿ ವಯಸ್ಸಾದವರು ಜಾಸ್ತಿ, ಜಾಹೀರಾತುದಾರರಿಗೆ ಬೇಕಾದವರು ಚಿಕ್ಕ ವಯಸ್ಸಿನವರು. ಆರನೇ ಸೀಸನ್ನಿಗೆ ಹೊಸಬರು ಬಂದು ಸೇರುವುದಿಲ್ಲ, ಹೊಸ ಸೀರಿಯಲ್‌ಗಾದರೆ ಬರಬಹುದು. ವ್ಯಾಪಾರದ ಲೆಕ್ಕಕ್ಕೆ ಇದು ತಪ್ಪಲ್ಲ. ಆದರೆ ಎರಡು ಸೀಸನ್ನಿಗೇ ನಿಲ್ಲಿಸುತ್ತಾರೆ ಎಂದು ಗೊತ್ತಾದ ಮೇಲೆ ಜನ ಮೊದಲ ಎಪಿಸೋಡಿಗೇ ಬರುವುದಿಲ್ಲ. ಮುಗಿದ ಮೇಲೆ ನೋಡೋಣ ಎಂದು ಕಾಯುತ್ತಾರೆ, ಅವರು ಕಾಯುತ್ತಿರುವುದರಿಂದಲೇ ಅದು ಮುಗಿಯುವ ತನಕ ಉಳಿಯುವುದಿಲ್ಲ. ಈ ಸುಳಿಯನ್ನು ಚಾನೆಲ್‌ಗಳೇ ತೋಡಿಕೊಂಡದ್ದು.

ಇನ್ನೊಂದು ಗುಂಪು ಇದೆ. ನಿಂತರೆ ನಿಲ್ಲಲಿ ಬಿಡಿ, ಇವೆಲ್ಲ ಸುಮ್ನೆ ಹಳೇ ಕಾಲದ ಹೊಗಳಿಕೆ ಎನ್ನುತ್ತಾರೆ ಇವರು. ಎಲ್ಲರೂ ಒಗ್ಗಟ್ಟಾಗಿದ್ದರು, ಹಾಡುತ್ತಾ ಬಾಂಬ್ ಎದುರಿಸಿದರು ಅನ್ನುವ ಚಿತ್ರ ಎಷ್ಟು ನಿಜ? ಇವರ ಅನುಮಾನಕ್ಕೆ ಆಧಾರ ಇಲ್ಲದಿಲ್ಲ. ಕಪ್ಪು, ಮಗ್ಗು, ಟೀ ಶರ್ಟಿನ ಮೇಲೆಲ್ಲ ರಾರಾಜಿಸುವ 'ಕೀಪ್ ಕಾಮ್ ಅಂಡ್ ಕ್ಯಾರಿ ಆನ್' ಪೋಸ್ಟರನ್ನು 1939ರಲ್ಲಿ 24 ಲಕ್ಷಕ್ಕೂ ಹೆಚ್ಚು ಮುದ್ರಿಸಿದ್ದರು ನಿಜ, ಆದರೆ ಬಹುತೇಕ ಅಂಟಿಸಲೇ ಇಲ್ಲ. ಹೆಚ್ಚಿನವು ರದ್ದಿಯಾದವು. 2000ದಲ್ಲಿ ಆನಿಕ್ ಪಟ್ಟಣದ ಹಳೇ ಪುಸ್ತಕದ ಅಂಗಡಿಯೊಂದರಲ್ಲಿ ಒಂದು ಪ್ರತಿ ಸಿಕ್ಕಿದ ಮೇಲಷ್ಟೇ ಅದು ಯುದ್ಧಕಾಲದ ಗುರುತಾದದ್ದು. ಆಗಿನವರು ನೋಡಿಯೇ ಇರದ ಪೋಸ್ಟರು ಈಗಿನವರಿಗೆ ಆ ಕಾಲದ ನೆನಪಾಗಿದೆ.

ಮೂರನೇ ಆಕ್ಷೇಪ ಇದಕ್ಕಿಂತ ಆಳದ್ದು. ಮನೆಯ ಕಿಟಕಿಯಿಂದ ಇತಿಹಾಸ ನೋಡಿದರೆ ಕಿಟಕಿಗೆ ಕಾಣದ್ದು ಬಿಟ್ಟುಹೋಗುತ್ತದೆ ಎಂಬುದು. ಜರ್ಮನಿಯಲ್ಲಿ 1984ರಲ್ಲಿ ಬಂದ 'ಹೈಮಾಟ್' ಸರಣಿಯ ಮೇಲೆ ಈ ಟೀಕೆ ಬಲವಾಗಿ ಬಂತು. ಒಂದು ಹಳ್ಳಿಯ ಕುಟುಂಬದ ಕಥೆಯನ್ನು 1919ರಿಂದ 1982ರವರೆಗೆ 15 ಗಂಟೆಗೂ ಹೆಚ್ಚು ಹೊತ್ತು ಹೇಳುವಾಗ ಯಹೂದಿಗಳ ನರಮೇಧಕ್ಕೆ ಸಿಕ್ಕ ಜಾಗ ಇಷ್ಟೇನಾ ಎಂದು ಕೇಳಿದರು. ಬ್ರಿಟಿಷ್ ಮನೆಯ ಕಥೆಗಳಿಗೂ ಇದೇ ಪ್ರಶ್ನೆ ಕೇಳಬಹುದು. 1943ರ ಬಂಗಾಳದ ಕ್ಷಾಮದಲ್ಲಿ ಸುಮಾರು 30 ಲಕ್ಷ ಜನ ಸತ್ತರು, ಅದೂ ಇದೇ ಯುದ್ಧದ ಕಾಲ, ಇದೇ ಸಾಮ್ರಾಜ್ಯ. ಬ್ರಿಟಿಷ್ ಹಳ್ಳಿಯ ಅಡುಗೆಮನೆಯಲ್ಲಿ ಕೂತ ಪಾತ್ರಕ್ಕೆ ಇದು ಗೊತ್ತಿರಲಿಕ್ಕಿಲ್ಲ. ಬರೆಯುವವರಿಗೆ ಗೊತ್ತಿರಬೇಕಲ್ಲ.

1940ರಲ್ಲೇ ನಿಂತ ಗಡಿಯಾರ

ಅರ್ಧಕ್ಕೆ ನಿಂತರೆ ನಷ್ಟ ಏನು? ಅಭಿಮಾನಿಗಳ ಬೇಸರ ಒಂದು ಕಡೆ ಇರಲಿ. 'ಹೋಮ್ ಫೈರ್ಸ್' ಲೇಖಕರು ಮುಂದಿನ ಕಥೆಯನ್ನು ಕಾದಂಬರಿಯಾಗಿ ಬರೆದು ಅವರನ್ನು ಸ್ವಲ್ಪ ಸಮಾಧಾನ ಮಾಡಿದರು. ದೊಡ್ಡ ನಷ್ಟ ಬೇರೆ ಇದೆ. ಈ ಸೀರಿಯಲ್‌ಗಳು 1939ರಲ್ಲಿ ಶುರುವಾಗಿ 1940-41ರಲ್ಲಿ ನಿಲ್ಲುವುದರಿಂದ, ನೋಡುವವರ ಮನಸ್ಸಿನಲ್ಲಿ ಯುದ್ಧ ಅಂದರೆ ಅದರ ಮೊದಲ ಎರಡು ವರ್ಷ ಎಂದಾಗುತ್ತದೆ. ಮಕ್ಕಳು ರೈಲು ಹತ್ತುವುದು, ಸೈರನ್, ನೆಲಮಾಳಿಗೆ, ನೆರೆಹೊರೆಯವರ ಧೈರ್ಯ. ಒಗ್ಗಟ್ಟಿನ ಕಥೆಗೆ ಹೇಳಿ ಮಾಡಿಸಿದ ವರ್ಷಗಳು. ಹಳೇ ಕಾಲದ ಹೊಗಳಿಕೆ ಎಂದು ಬೈಯುವವರು ಗಮನಿಸಬೇಕಾದ್ದು ಇದನ್ನೇ. ಹೊಗಳಿಕೆ ಬರಿ ಬರೆದವರ ಮನಸ್ಸಿನಿಂದ ಬಂದದ್ದಲ್ಲ, ಕಥೆ ನಿಂತ ಜಾಗದಿಂದಲೂ ಬಂದಿದೆ.

ಸುಸ್ತು, ಸಿಟ್ಟು, ಬಿರುಕು ಎಲ್ಲ ಆಮೇಲೆ ಬಂದವು. 1944ರ ಹೊತ್ತಿಗೆ ಬ್ರಿಟನ್ನಿನಲ್ಲಿ ಲಕ್ಷಾಂತರ ಅಮೆರಿಕನ್ ಸೈನಿಕರಿದ್ದರು, ಅವರಲ್ಲಿ ಕಪ್ಪು ಜನಾಂಗದವರು ಒಂದು ಲಕ್ಷ ಮೀರಿದ್ದರು. ಅವರಿಗೂ ಇಂಗ್ಲಿಷ್ ಹೆಣ್ಣುಮಕ್ಕಳಿಗೂ ಹುಟ್ಟಿದ ಮಕ್ಕಳನ್ನು ಎರಡೂ ದೇಶ ತಮ್ಮವು ಅನ್ನಲಿಲ್ಲ. 1944ರ ಜೂನ್‌ನಿಂದ ಪೈಲಟ್ ಇಲ್ಲದ ವಿ-1 ಬಾಂಬುಗಳು ಬೀಳತೊಡಗಿದಾಗ ಲಂಡನ್ನಿನಿಂದ ಮಕ್ಕಳನ್ನು ಮತ್ತೆ ಸಾಗಿಸಬೇಕಾಯಿತು, ಈ ಸಲ ಹಾಡುವ ಹುರುಪು ಯಾರಿಗೂ ಉಳಿದಿರಲಿಲ್ಲ. ಯುದ್ಧ ಮುಗಿದ ಮೇಲಾದರೂ ಹೊಟ್ಟೆ ತುಂಬ ಊಟ ಸಿಕ್ಕಿತಾ? ಯುದ್ಧದ ಉದ್ದಕ್ಕೂ ರೇಷನ್ ಇಲ್ಲದಿದ್ದ ಬ್ರೆಡ್ಡಿಗೆ 1946ರ ಜುಲೈನಲ್ಲಿ ರೇಷನ್ ಬಂತು, ಎರಡು ವರ್ಷ ಇತ್ತು. ರೇಷನ್ ಪೂರ್ತಿ ಮುಗಿದದ್ದು 1954ರ ಜುಲೈ 4ರಂದು, ಕೊನೆಗೆ ಬಿಡುಗಡೆಯಾದದ್ದು ಮಾಂಸ. ಇನ್ನು ಮನೆಯ ಒಳಗಿನ ಲೆಕ್ಕ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 1938ರಲ್ಲಿ ಸುಮಾರು 6,000 ವಿಚ್ಛೇದನಗಳಾಗಿದ್ದವು, 1947ರಲ್ಲಿ ಸುಮಾರು 60,000.

ಹತ್ತು ಪಟ್ಟು! ಕುಟುಂಬದ ಮೇಲೆ ಯುದ್ಧ ಏನು ಮಾಡಿತು ಅನ್ನುವುದು ಈ ಒಂದು ಅಂಕಿಯಲ್ಲಿದೆ, ಕುಟುಂಬದ ಕಥೆ ಹೇಳಲು ಹೊರಟ ಎಷ್ಟೋ ಸೀರಿಯಲ್‌ಗಳು ಈ ಅಂಕಿಯ ಹತ್ತಿರಕ್ಕೂ ಬರಲಾಗದೆ ನಿಂತವು.

ಮುಂದೆ ಏನಾಗಬಹುದು

ಶೇ. 5ರ ನಿಧಿ ಸಮಿತಿಯ ಶಿಫಾರಸಾಗಿಯೇ ಉಳಿದರೆ ನಿರ್ಮಾಪಕರು ಅಮೆರಿಕದ ದೊಡ್ಡ ಸ್ಟ್ರೀಮಿಂಗ್ ಕಂಪನಿಗಳ ಬಾಗಿಲಿಗೇ ಹೋಗಬೇಕು. ಅವರಿಗೆ ಬೇಕಾದದ್ದು ಜಗತ್ತಿನ ಎಲ್ಲ ಕಡೆ ಓಡುವ ಕಥೆ. ರಾಣಿಯರ ಕಥೆ ಓಡುತ್ತದೆ, ಗೂಢಚಾರರ ಕಥೆ ಓಡುತ್ತದೆ. ಸಕ್ಕರೆ ಉಳಿಸಿ ಜ್ಯಾಮ್ ಮಾಡುವ ಹೆಂಗಸರ ಸಂಘದ ಕಥೆ ಓಡುತ್ತದೆ ಎಂದು ಅವರನ್ನು ನಂಬಿಸುವುದು ಸುಲಭವಲ್ಲ. ಬಿಬಿಸಿಯ ಈಗಿನ ರಾಜ ಸನ್ನದು, ಅಂದರೆ ಅದು ನಡೆಯಲು ಆಧಾರವಾದ ಅಧಿಕಾರಪತ್ರ, 2027ರ ಕೊನೆಗೆ ಮುಗಿಯುತ್ತದೆ, ಅಲ್ಲಿಯವರೆಗೆ ಆರೇಳು ವರ್ಷದ ಮಾತು ಕೊಡುವ ಧೈರ್ಯ ಅವರಿಗೂ ಬರಲಿಕ್ಕಿಲ್ಲ.

ಬೇರೆ ದಾರಿಗಳೂ ಇವೆ. ಹಿರೋಷಿಮಾ ಪಕ್ಕದ ಕುರೆ ಬಂದರಿನಲ್ಲಿ ಯುದ್ಧಕಾಲದಲ್ಲಿ ಮನೆ ನಡೆಸಿದ ಸೊಸೆಯೊಬ್ಬಳ ಕಥೆಯನ್ನು ಜಪಾನಿನ ಸುನಾವೊ ಕತಾಬುಚಿ ಅನಿಮೇಷನ್ ಸಿನಿಮಾ ಮಾಡಲು ಹೊರಟಾಗ ಹಣ ಹುಟ್ಟಲಿಲ್ಲ. 2015ರಲ್ಲಿ ಜನರನ್ನೇ ಕೇಳಿದರು. 3,000ಕ್ಕೂ ಹೆಚ್ಚು ಜನ ಸೇರಿ ಸುಮಾರು 3.9 ಕೋಟಿ ಯೆನ್ ಕೊಟ್ಟರು. ಪೂರ್ತಿ ಖರ್ಚಿಗೆ ಅದು ಸಾಲದು, ಆದರೆ ನೋಡುವವರಿದ್ದಾರೆ ಎಂದು ಉಳಿದ ಹೂಡಿಕೆದಾರರಿಗೆ ತೋರಿಸಲು ಸಾಕಾಯಿತು. 2016ರಲ್ಲಿ ಸಿನಿಮಾ ಬಂತು, ಎರಡು ಗಂಟೆ ಚಿಲ್ಲರೆಯಲ್ಲಿ ಯುದ್ಧ ಮುಗಿದ ಮೇಲಿನ ದಿನಗಳವರೆಗೂ ಹೋಯಿತು.

ಮುಂದಿನ ಸಲ ಇಂಥ ಹೊಸ ಸೀರಿಯಲ್ ಘೋಷಣೆಯಾದಾಗ ಟ್ರೈಲರಿಗಿಂತ ಮೊದಲು ಹೊರದೇಶದ ಪಾಲುದಾರರು ಯಾರು, ಎಷ್ಟು ಎಪಿಸೋಡ್, ಕಥೆ ಶುರುವಾಗುವುದು ಯಾವ ವರ್ಷದಲ್ಲಿ ಎಂದು ನೋಡಿ. ಆರೇ ಎಪಿಸೋಡ್ ಇದ್ದು, 1939ರ ರೇಡಿಯೋ ಘೋಷಣೆಯಿಂದ ಶುರುವಾದರೆ ಅದು ಎಲ್ಲಿ ನಿಲ್ಲುತ್ತದೆ ಎಂದು ಈಗಲೇ ಊಹಿಸಬಹುದು. ಯಾರಾದರೂ ಬುದ್ಧಿವಂತಿಕೆಯಿಂದ 1945ರಿಂದಲೇ ಶುರುಮಾಡಿದರೆ ಬೇರೆ ಮಾತು. ಅಪ್ಪ ಬಾಗಿಲಲ್ಲಿ ಚೀಲ ಹಿಡಿದು ನಿಂತಿದ್ದಾನೆ, ಐದು ವರ್ಷದ ಮಗಳು ಅಮ್ಮನ ಸೆರಗಿನಂತೆ ಅವಳ ಏಪ್ರನ್ ಹಿಡಿದುಕೊಂಡು, ಇವರು ಯಾರು ಎಂದು ಕೇಳುತ್ತಿದ್ದಾಳೆ.